ಉತ್ತರಕ್ಕೆ ಕಾಯುವ ಹೊತ್ತು

ಕೇಳುಗರಿಗೆ ನಮಸ್ಕಾರ. ಮುಂಬೈಯಲ್ಲಿ ಮಕ್ಕಳ ವೈದ್ಯನಾಗಿರುವ ನಾನು ಇಂದು ಪಾಂಪೆ ಕಾಯಿಲೆಯ ಬಗ್ಗೆ, ಅದರಲ್ಲೂ ಚಿಕಿತ್ಸೆ ದೊರೆತು ಉಳಿದುಕೊಂಡ ಮಕ್ಕಳ ಮಿದುಳಿನ ಬಗ್ಗೆ ಮಾತನಾಡಲಿದ್ದೇನೆ.

1932ರಲ್ಲಿ ಡಚ್ ವೈದ್ಯ ಪಾಂಪೆ, ಹೃದಯ ದಪ್ಪಗಟ್ಟಿ ತೀರಿಕೊಂಡ ಏಳು ತಿಂಗಳ ಹೆಣ್ಣುಮಗುವೊಂದರ ಅಂಗಾಂಗಗಳಲ್ಲಿ ಗ್ಲೈಕೋಜನ್ ರಾಶಿಬಿದ್ದಿರುವುದನ್ನು ಕಂಡರು. ಈ ಶೇಖರಿತ ಸಕ್ಕರೆಯನ್ನು ಜೀವಕೋಶದ ಲೈಸೋಸೋಮ್ ಎಂಬ ಪುಟ್ಟ ಚೀಲದೊಳಗೆ ಒಡೆಯಬೇಕಾದ ಕಿಣ್ವವೇ ಈ ಮಕ್ಕಳಲ್ಲಿ ಇರುವುದಿಲ್ಲ ಎಂಬುದು ತಿಳಿದದ್ದು 1963ರಲ್ಲಿ. ಹಸುಳೆಯಲ್ಲೇ ಕಾಣಿಸಿಕೊಳ್ಳುವ ಬಗೆಯಲ್ಲಿ ಮಗು ಒಂದು ವರ್ಷ ದಾಟುವುದೇ ಅಪರೂಪವಾಗಿತ್ತು. 2006ರಲ್ಲಿ ಆ ಕಿಣ್ವವನ್ನೇ ಔಷಧವಾಗಿ ರಕ್ತನಾಳಕ್ಕೆ ಹನಿಸುವ ಚಿಕಿತ್ಸೆಗೆ ಅಮೆರಿಕ, ಯುರೋಪುಗಳಲ್ಲಿ ಮಂಜೂರಾತಿ ದೊರೆತ ಮೇಲೆ, ಊದಿದ ಹೃದಯ ಇಳಿಯತೊಡಗಿತು. ಕೆಲವು ಮಕ್ಕಳು ನಡೆದರು, ಶಾಲೆಗೂ ಹೋದರು.

ಆದರೆ ರಕ್ತದಲ್ಲಿರುವುದೆಲ್ಲವನ್ನೂ ಒಳಗೆ ಬಿಡದೆ ಮಿದುಳನ್ನು ಕಾಯುವ ತಡೆಯೊಂದಿದೆ. ಗಾತ್ರದಲ್ಲಿ ದೊಡ್ಡದಾದ ಈ ಕಿಣ್ವ ಅದನ್ನು ದಾಟಲಾರದು. ಹೀಗಾಗಿ ಹೃದಯಕ್ಕೆ ಸಿಕ್ಕ ಔಷಧ ಮಿದುಳಿಗೆ ಸಿಗುವುದಿಲ್ಲ, ಅಲ್ಲಿ ಗ್ಲೈಕೋಜನ್ ಸೇರುತ್ತಲೇ ಇರುತ್ತದೆ. ಮಕ್ಕಳು ಬದುಕದಿದ್ದ ಕಾಲದಲ್ಲಿ ಇದನ್ನು ಯಾರೂ ನೋಡುವಂತಿರಲಿಲ್ಲ. ನೆದರ್ಲೆಂಡ್ಸಿನ ರೋಟರ್‌ಡ್ಯಾಮಿನಂಥ ಕೇಂದ್ರಗಳ ವೈದ್ಯರು ಈ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ ಎಂಆರ್‌ಐ ಮಾಡಿಸಿದಾಗ, ನರತಂತುಗಳು ಹಾದುಹೋಗುವ ಬಿಳಿಭಾಗದಲ್ಲಿ ಬದಲಾವಣೆಗಳು ಕಂಡವು. ಕೆಲವರಲ್ಲಿ ಅವು ವಯಸ್ಸಿನೊಂದಿಗೆ ಹರಡಿದವು. ಎಲ್ಲ ಮಕ್ಕಳ ಬುದ್ಧಿಮಟ್ಟವೂ ಕುಗ್ಗುವುದಿಲ್ಲ, ಕೆಲವರದು ಸಹಜವಾಗಿಯೇ ಉಳಿಯುತ್ತದೆ. ಕುಗ್ಗುವವರಲ್ಲಿ ಮುಖ್ಯವಾಗಿ ಎದ್ದುಕಾಣುವುದು ವೇಗದ ಇಳಿಕೆ: ಕೇಳಿದ್ದನ್ನು ಗ್ರಹಿಸಿ ಉತ್ತರ ಹೊಂದಿಸಿಕೊಳ್ಳಲು ಹೆಚ್ಚು ಹೊತ್ತು ಬೇಕಾಗುತ್ತದೆ.

ಡೊಂಬಿವಲಿಯಿಂದ ಬರುವ, ಹನ್ನೊಂದರ ಹರೆಯದ ಹುಡುಗಿಯೊಬ್ಬಳಿದ್ದಾಳೆ. ಹದಿನೈದು ದಿನಕ್ಕೊಮ್ಮೆ ಕೈಗೆ ಸೂಜಿ ಚುಚ್ಚಿಸಿಕೊಂಡು ನಾಲ್ಕೈದು ತಾಸು ಹಾಸಿಗೆಯಲ್ಲಿ ಮಲಗಿರುವುದು ಅವಳಿಗೆ ರೂಢಿಯಾಗಿದೆ. ಶಾಲೆಯಿಂದ ಬಂದ ಚೀಟಿಯಲ್ಲಿ ‘ಗಮನವಿಲ್ಲ, ಆಲಸಿ’ ಎಂದು ಬರೆದಿತ್ತು. ಚೈತ್ರದ ನಂತರದ ಮಾಸ ಯಾವುದಮ್ಮಾ ಎಂದು ಕೇಳಿದೆ. ಅವಳು ಸಲೈನಿನ ನಳಿಗೆಯನ್ನೇ ನೋಡುತ್ತಿದ್ದಳು. ತಾಯಿ ತಡೆಯಲಾರದೆ, “ಅಕಿಗೆ ಗೊತ್ತೈತ್ರೀ ಡಾಕ್ಟರ್, ಸಾವಕಾಶ ಹೇಳ್ತಾಳ,” ಎಂದು ತಾವೇ ಹೇಳಲು ಹೊರಟರು. ನಾನು ಕೈ ಎತ್ತಿ ತಡೆದೆ. ಹನಿಗಳು ಒಂದೊಂದಾಗಿ ಬಿದ್ದವು. ಆಮೇಲೆ ಮೂಗಿನಿಂದ ಬಂದಂಥ ಮೆಲುದನಿಯಲ್ಲಿ “ವೈಶಾಖ” ಎಂದಳು. ಕೇಳದೆಯೇ “ಜ್ಯೇಷ್ಠ, ಆಷಾಢ” ಎಂದೂ ಸೇರಿಸಿದಳು.

ಆ ಮೂಗಿನ ದನಿಗೆ ಕಾರಣ ಈ ಕಾಯಿಲೆಯಿಂದ ಮುಖ ಮತ್ತು ಗಂಟಲಿನ ಸ್ನಾಯುಗಳಿಗೆ ಬರುವ ದುರ್ಬಲತೆ. ಕೆಲವರಿಗೆ ಕಿವಿಯೂ ಮಂದ. ಬೆರಳುಗಳು ಸೋತಿದ್ದರೆ ಬರವಣಿಗೆಯೂ ನಿಧಾನ. ಆದ್ದರಿಂದ ಗಡಿಯಾರ ಹಿಡಿದು ಮಾಡುವ ಬುದ್ಧಿಪರೀಕ್ಷೆಯ ಒಂದೇ ಅಂಕವನ್ನು ನಾನು ನಂಬುವುದಿಲ್ಲ. ಮೊದಲು ಕಿವಿಯನ್ನು ಪರೀಕ್ಷಿಸಿ, ಮಾತು ಹಾಗೂ ಕೈಯ ತೊಂದರೆಯನ್ನು ಬೇರೆಯಾಗಿ ಅಳೆದು, ಕೆಲವು ವರ್ಷಗಳ ಅಂತರದಲ್ಲಿ ಅದೇ ಪರೀಕ್ಷೆಯನ್ನು ಮರಳಿ ಮಾಡಿದಾಗಲಷ್ಟೇ ಮಗು ಎಲ್ಲಿ ನಿಂತಿದೆ ಎಂಬುದು ತಿಳಿಯುತ್ತದೆ. ಹೃದಯದ ವರದಿ ಚೆನ್ನಾಗಿದೆಯೆಂದು ಈ ತಪಾಸಣೆಯನ್ನು ಕೈಬಿಡುವುದು ತಪ್ಪು.

ಚಿಕಿತ್ಸೆ ಜೀವಮಾನದ್ದು, ದುಬಾರಿಯೂ ಹೌದು. ವಿರಳ ರೋಗಗಳ ರಾಷ್ಟ್ರೀಯ ನೀತಿಯಡಿ ಪರೇಲಿನ ಕೆ.ಇ.ಎಂ. ಆಸ್ಪತ್ರೆಯಂಥ ಕೇಂದ್ರಗಳ ಮೂಲಕ 50 ಲಕ್ಷ ರೂಪಾಯಿಯವರೆಗೆ ನೆರವಿದೆ; ತೂಕ ಏರಿದಂತೆ ಔಷಧದ ಪ್ರಮಾಣವೂ ಏರುವುದರಿಂದ ಅದು ಬಹಳ ಕಾಲ ಸಾಲದು ಎಂಬ ಸಂಕಟ ನನ್ನನ್ನು ಬಿಟ್ಟಿಲ್ಲ.

ಆ ಹುಡುಗಿಯ ಶಾಲೆಗೆ ನಾನು ಪತ್ರ ಬರೆದೆ. ಪ್ರಶ್ನೆ ಕೇಳಿದ ಮೇಲೆ ಕಾಯಬೇಕು, ಫಲಕದ ಮೇಲಿನದನ್ನು ಮುದ್ರಿಸಿ ಕೊಡಬೇಕು, ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ನೀಡಬೇಕು ಎಂಬ ಮೂರೇ ಕೋರಿಕೆಗಳಿದ್ದವು. ಮುಂದಿನ ಸಲ ಡ್ರಿಪ್ಪಿಗೆ ಬಂದಾಗ ಅವಳು ಚೀಲದಿಂದ ಮುದ್ರಿತ ಹಾಳೆಯೊಂದನ್ನು ತೆಗೆದು, ನನ್ನ ಮುಂದಿಟ್ಟು, ಓದಲು ಶುರುಮಾಡಿದಳು. ನಮಸ್ಕಾರ.