ನೀರು ಬಂದ ದಾರಿ

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಅಮೆರಿಕದ ಅರಿಜೋನಾ ರಾಜ್ಯದಲ್ಲಿ ಆರ್‌ವಿ ರಿಪೇರಿ ಮಾಡುತ್ತೇನೆ. ಆರ್‌ವಿ ಎಂದರೆ ಗಾಲಿಯ ಮೇಲೆ ಕಟ್ಟಿದ ಮನೆ. ಸಿನಿಮಾ ಚಿತ್ರೀಕರಣದ ಜಾಗದಲ್ಲಿ ಕಲಾವಿದರಿಗಾಗಿ ನಿಲ್ಲಿಸುವ ಕ್ಯಾರವಾನನ್ನು ನೀವು ನೋಡಿರಬಹುದು. ಇವು ಅದರದೇ ಬಳಗ. ಕೆಲವು ಬಸ್ಸಿನಷ್ಟು ಉದ್ದ, ಸ್ವಂತ ಎಂಜಿನ್ ಇರುವಂಥವು. ಹೆಚ್ಚಿನವನ್ನು ಪಿಕಪ್ ಗಾಡಿಯ ಹಿಂದೆ ಸಿಕ್ಕಿಸಿ ಎಳೆದುಕೊಂಡು ಹೋಗುತ್ತಾರೆ; ಇಂಥವಕ್ಕೆ ಟ್ರೇಲರ್ ಎನ್ನುತ್ತಾರೆ. ಒಳಗೆ ಒಲೆ, ಮಂಚ, ಬಚ್ಚಲು, ಫ್ರಿಜ್ಜು ಎಲ್ಲವೂ ಇರುತ್ತವೆ.

ಊರಿಗೆ ಫೋನು ಮಾಡಿದಾಗಲೆಲ್ಲ ನಮ್ಮ ಚಿಕ್ಕಮ್ಮ ಕೇಳುವುದು ಒಂದೇ ಪ್ರಶ್ನೆ: "ಅಲ್ಲಪ್ಪಾ, ನೀನು ಗಾಡಿ ಮೆಕ್ಯಾನಿಕ್ಕೋ, ಮನೆ ರಿಪೇರಿಯವನೋ?" ಅವರಿಗೆ ಎರಡೂ ಹೌದು ಎನ್ನುತ್ತೇನೆ. ಎಂಜಿನ್ ಕೆಟ್ಟರೆ ಅದನ್ನು ನೋಡುವವರು ಬೇರೆ ಇದ್ದಾರೆ. ಉಳಿದದ್ದೆಲ್ಲ ನನ್ನದು. ಬೆಳಿಗ್ಗೆ ನಲ್ಲಿಯ ಕೆಲಸ, ಮಧ್ಯಾಹ್ನ ಮರಗೆಲಸ, ಸಂಜೆ ವೈರಿಂಗ್, ನಡುವೆ ಗ್ಯಾಸ್. ಬ್ಯಾಟರಿಯಿಂದ ಬರುವ 12 ವೋಲ್ಟಿನ ತಂತಿಗಳೂ ಹೊರಗಿನ ಕಂಬದಿಂದ ಬರುವ 120 ವೋಲ್ಟಿನ ತಂತಿಗಳೂ ಒಂದೇ ಗೋಡೆಯೊಳಗೆ ಅಕ್ಕಪಕ್ಕ ಓಡಿರುತ್ತವೆ. ಗೋಡೆಯ ದಪ್ಪ ಎರಡು ಮೂರು ಬೆರಳು, ಅಷ್ಟೇ.

ಈ ಮನೆಗಳ ತವರು ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್. ಅಮೆರಿಕದಲ್ಲಿ ತಯಾರಾಗುವ ಆರ್‌ವಿಗಳಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಆ ಊರಿನ ಸುತ್ತಮುತ್ತಲೇ ಹುಟ್ಟುತ್ತವೆ. ಕೊರೊನಾ ಕಾಲದಲ್ಲಿ ವಿಮಾನ, ಹೋಟೆಲುಗಳನ್ನು ಬಿಟ್ಟ ಜನ ಇವುಗಳಿಗೆ ಮುಗಿಬಿದ್ದರು. 2021ರಲ್ಲಿ ಕಾರ್ಖಾನೆಗಳಿಂದ ಹೊರಬಿದ್ದವು 6,00,240. ಅದಕ್ಕೂ ಮೊದಲು ಯಾವ ವರ್ಷದಲ್ಲೂ ಅಷ್ಟು ಬಂದಿರಲಿಲ್ಲ. 2023ಕ್ಕೆ ಆ ಸಂಖ್ಯೆ 3,13,174ಕ್ಕೆ ಇಳಿಯಿತು. ಮಾರಾಟ ಇಳಿದರೂ ರಿಪೇರಿ ಇಳಿಯಲಿಲ್ಲ. ಮನೆಯೊಂದನ್ನು ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಕುಲುಕಿಸಿಕೊಂಡು ಹೋದರೆ ಅದರ ಒಂದೊಂದು ಸ್ಕ್ರೂ, ಒಂದೊಂದು ಬೆಸುಗೆ ಸಡಿಲವಾಗಲು ಹೊಂಚುತ್ತಿರುತ್ತದೆ.

ಎಲ್ಲಕ್ಕಿಂತ ದೊಡ್ಡ ಶತ್ರು ನೀರು. ಅದರ ಬಗ್ಗೆಯೇ ಸ್ವಲ್ಪ ಹೆಚ್ಚು ಹೇಳಬೇಕೆಂದಿದ್ದೇನೆ.

ಒಂದು ಸಲ ಮಧ್ಯವಯಸ್ಸಿನ ದಂಪತಿ ತಮ್ಮ ಟ್ರೇಲರ್ ತಂದರು. ಮಂಚದ ತಲೆಯ ಕಡೆ, ಮೂಲೆಯಲ್ಲಿ ನೆಲ ಮೆತ್ತಗಾಗಿತ್ತು. ಅದರ ಮೇಲೆ ಒಂದು ಕಿಟಕಿ. ಕಿಟಕಿಯೇ ಸೋರುತ್ತಿದೆ ಎಂದು ತಿಳಿದು ಮೂರು ಸಲ ಅದರ ಸುತ್ತ ಸೀಲಂಟ್, ಅಂದರೆ ಸಂದು ಮುಚ್ಚುವ ಅಂಟು, ಬಳಿಸಿದ್ದರು. ಮೂರನೆಯ ಸಲದ ಬಿಳಿ ಪಟ್ಟಿ ಇನ್ನೂ ಹೊಸದಾಗಿ ಹೊಳೆಯುತ್ತಿತ್ತು, ನೆಲ ಮಾತ್ರ ಇನ್ನಷ್ಟು ಕುಸಿದಿತ್ತು. ಸ್ಕ್ರೂಡ್ರೈವರ್‌ನ ತುದಿಯನ್ನು ಸುಮ್ಮನೆ ಊರಿದೆ, ಹಿಡಿಕೆಯವರೆಗೂ ಇಳಿದುಹೋಯಿತು. ಹೊರಗೆ ಎಳೆದಾಗ ತುದಿಗೆ ಅಂಟಿಕೊಂಡು ಬಂದ ಪ್ಲೈವುಡ್ ಚಹಾದಲ್ಲಿ ಅದ್ದಿದ ರಸ್ಕಿನ ಹಾಗಿತ್ತು. ಆ ಹೆಂಗಸು ಬಾಯಿಗೆ ಕೈ ಅಡ್ಡ ಹಿಡಿದು ನಿಂತುಬಿಟ್ಟರು.

ತೇವ ಅಳೆಯುವ ಮೀಟರಿಗೆ ಎರಡು ಸೂಜಿಗಳಿರುತ್ತವೆ. ಅವನ್ನು ಗೋಡೆಗೆ ಚುಚ್ಚುತ್ತಾ ಮೂಲೆಯಿಂದ ಮೇಲಕ್ಕೆ ಹೋದೆ. ತೇವ ಕಿಟಕಿಯ ಹತ್ತಿರ ನಿಲ್ಲಲೇ ಇಲ್ಲ. ಚೌಕಟ್ಟಿನ ಮರದ ಪಟ್ಟಿಯ ಗುಂಟ ಮೇಲೇರಿ, ಚಾವಣಿಯ ಅಂಚಿನಲ್ಲಿ ಮುಂಭಾಗಕ್ಕೆ ತಿರುಗಿತು. ಆಗ ಕಿಟಕಿ ಬಾಗಿಲುಗಳನ್ನೆಲ್ಲ ಮುಚ್ಚಿ, ದೊಡ್ಡ ಫ್ಯಾನಿನಿಂದ ಟ್ರೇಲರ್‌ನ ಒಳಕ್ಕೆ ಗಾಳಿ ತುಂಬಿಸಿ, ಏಣಿ ಹತ್ತಿ ಹೊರಗಿನ ಸಂದುಗಳಿಗೆಲ್ಲ ಸೋಪಿನ ನೀರು ಚಿಮುಕಿಸಿದೆ. ಮಕ್ಕಳು ಪಂಕ್ಚರ್ ಅಂಗಡಿಯಲ್ಲಿ ಟ್ಯೂಬನ್ನು ನೀರಿಗೆ ಅದ್ದಿ ಗುಳ್ಳೆ ಹುಡುಕುವುದನ್ನು ನೋಡುತ್ತಾರಲ್ಲ, ಅದೇ ವಿದ್ಯೆ. ಟ್ರೇಲರಿನ ಹಣೆಯ ಮೇಲಿನ ಪುಟ್ಟ ದೀಪವೊಂದರ ಪಕ್ಕದಲ್ಲಿ ಸಾಸಿವೆಯಷ್ಟು ಗುಳ್ಳೆಗಳು ಒಂದರ ಹಿಂದೆ ಒಂದು ಏಳತೊಡಗಿದವು. ದೀಪದ ಹಿಂದಿನ ರಬ್ಬರು ಬಿಸಿಲಿಗೆ ಒಣಗಿ ಬಿರಿದಿತ್ತು. ಮಳೆಯ ನೀರು ಅಲ್ಲಿ ಒಳಹೊಕ್ಕು, ಮರ ಹಿಡಿದು ಎಂಟು ಅಡಿ ನಡೆದು, ಕಿಟಕಿಯ ಕೆಳಗೆ ಬಂದು ಕೂತಿತ್ತು. ಪಾಪ, ಆ ಕಿಟಕಿ ಮೂರು ಸಲ ಬೈಗುಳ ತಿಂದಿತ್ತು.

ಆ ದೀಪದ ರಬ್ಬರಿಗೆ ಖರ್ಚಾದದ್ದು ಒಂದು ಊಟದ ಹಣವೂ ಅಲ್ಲ. ನೆಲ, ಗೋಡೆ, ಮಂಚದ ಚೌಕಟ್ಟು ಬಿಚ್ಚಿ ಕಟ್ಟಲು ಸಾವಿರಾರು ಡಾಲರ್ ಬೇಕಾಯಿತು.

ನಾನು ರಾಣೆಬೆನ್ನೂರಿನವನು. ಅಲ್ಲಿ ನನ್ನ ಸೋದರಮಾವನಿಗೆ ಟ್ರ್ಯಾಕ್ಟರ್ ರಿಪೇರಿಯ ಗ್ಯಾರೇಜ್ ಇತ್ತು. ಎಂಜಿನ್‌ನಲ್ಲಿ ಸದ್ದು ಬಂದರೆ ಮಾವ ಪಾನಾ ಎತ್ತಿಕೊಳ್ಳುತ್ತಿರಲಿಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ ಮೇಲೆ ಊರಿ, ಹಿಡಿಕೆಯನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ, ಒಂದೊಂದೇ ಅಂಗುಲ ಸರಿಸುತ್ತಾ ಕೇಳುತ್ತಿದ್ದರು. ರೈತರು ಅವಸರ ಮಾಡಿದರೆ "ಸ್ವಲ್ಪ ತಡೀರಿ, ಇನ್ನೂ ಸಿಕ್ಕಿಲ್ಲ" ಎನ್ನುತ್ತಿದ್ದರು. ಹುಡುಕುವುದೇ ಕೆಲಸ, ಬಿಚ್ಚಿ ಹಾಕುವುದು ಆಮೇಲಿನ ಮಾತು ಎಂಬುದನ್ನು ನಾನು ಕಲಿತದ್ದು ಅಲ್ಲಿ.

ಇಲ್ಲಿ ನಾನು ಮೊದಲು ಸೇರಿದ ವರ್ಕ್‌ಶಾಪ್‌ನಲ್ಲಿ ಲೆಕ್ಕವೇ ಬೇರೆ ಇತ್ತು. ಪ್ರತಿ ಕೆಲಸಕ್ಕೂ ಮೊದಲೇ ಇಷ್ಟು ಗಂಟೆ ಎಂದು ಗೊತ್ತುಮಾಡಿರುತ್ತಾರೆ. ಪಂಪು ಬದಲಿಸಿದರೆ ಇಷ್ಟು, ಎಲೆಕ್ಟ್ರಾನಿಕ್ ಬೋರ್ಡು ಬದಲಿಸಿದರೆ ಇಷ್ಟು. ಪಂಪು ಯಾಕೆ ನಿಂತಿತೆಂದು ಹುಡುಕಿದ್ದಕ್ಕೆ ಕೂಲಿ ಅತ್ಯಲ್ಪ, ಎಷ್ಟೋ ಸಲ ಏನೂ ಇಲ್ಲ. ಹೀಗಾದಾಗ ಮೆಕ್ಯಾನಿಕ್ ಏನು ಮಾಡುತ್ತಾನೆ? ಊಹೆಯ ಮೇಲೆ ಭಾಗ ಬದಲಿಸುತ್ತಾನೆ. ತಪ್ಪಾದರೆ ಇನ್ನೊಂದು ಭಾಗ. ಅವನನ್ನು ಸೋಮಾರಿ ಎನ್ನಲು ನನಗೆ ಮನಸ್ಸಿಲ್ಲ; ಅವನಿಗೂ ಮನೆ ಬಾಡಿಗೆ ಇದೆ. ಆದರೆ ಈ ಪದ್ಧತಿ ಕಸುಬಿನ ಬೇರನ್ನೇ ಕತ್ತರಿಸುತ್ತದೆ. ನನಗೆ ಅದು ಸಹಿಸಲಾಗಲಿಲ್ಲ. ಎರಡು ವರ್ಷ ದುಡಿದು, ಹಳೆಯ ವ್ಯಾನೊಂದನ್ನು ಕೊಂಡು, ಗಾಡಿ ನಿಂತಲ್ಲಿಗೇ ಹೋಗಿ ರಿಪೇರಿ ಮಾಡಲು ಶುರುಮಾಡಿದೆ.

ಚಳಿಗಾಲದಲ್ಲಿ ನನ್ನ ಠಿಕಾಣಿ ಕ್ವಾರ್ಟ್‌ಸೈಟ್ ಎಂಬ ಮರುಭೂಮಿಯ ಊರು. ಅಲ್ಲಿನ ಕಾಯಂ ಜನಸಂಖ್ಯೆ ಎರಡೂವರೆ ಸಾವಿರವೂ ಇಲ್ಲ. ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಊರ ಪಕ್ಕದ ಸರ್ಕಾರಿ ಬಯಲಿನಲ್ಲಿ ಪರವಾನಗಿ ಪಡೆದು ತಂಗಬಹುದು. ಉತ್ತರದ ಹಿಮದಿಂದ ತಪ್ಪಿಸಿಕೊಂಡು ಬರುವ ಸಾವಿರಾರು ವೃದ್ಧರು ಅಲ್ಲಿ ಬಿಡಾರ ಹೂಡುತ್ತಾರೆ. ಊರಿನ ಸ್ಮಶಾನದಲ್ಲಿ ಕಲ್ಲಿನ ಪುಟ್ಟ ಪಿರಮಿಡ್ಡೊಂದಿದೆ, ಅದರ ನೆತ್ತಿಯ ಮೇಲೆ ಲೋಹದ ಒಂಟೆ. 1856ರಲ್ಲಿ ಅಮೆರಿಕದ ಸೈನ್ಯ ತರಿಸಿದ ಒಂಟೆಗಳ ಜೊತೆ ಬಂದ ಹಾಜಿ ಅಲಿ ಎಂಬ ಒಂಟೆಗಾರನ ಸಮಾಧಿ ಅದು. ಅವನ ಹೆಸರು ಇಲ್ಲಿನವರ ನಾಲಿಗೆಗೆ ಹೊರಳದೆ 'ಹೈ ಜಾಲಿ' ಆಯಿತು. 1902ರಲ್ಲಿ ಅವನು ಅಲ್ಲೇ ತೀರಿಕೊಂಡ. ದೂರದೇಶದಿಂದ ಬಂದು ಈ ಮರಳಿನಲ್ಲಿ ಪ್ರಯಾಣಿಕರ ವಾಹನ ನೋಡಿಕೊಂಡ ಅವನ ಸಮಾಧಿಯ ಮುಂದೆ ಪ್ರತಿ ವರ್ಷ ಒಂದು ನಿಮಿಷ ನಿಲ್ಲುತ್ತೇನೆ.

ಹೋದ ಜನವರಿಯಲ್ಲಿ ಅದೇ ಬಯಲಿನಿಂದ ಸಂಜೆ ಫೋನು ಬಂತು. ಎಪ್ಪತ್ತೆಂಟು ವರ್ಷದ ಮಹಿಳೆ, ಗಂಡ ತೀರಿಕೊಂಡಿದ್ದಾರೆ, ಜೊತೆಗೊಂದು ಮುದಿ ನಾಯಿ. ಮನೆ ಮಾರಿ ಟ್ರೇಲರಿನಲ್ಲೇ ಬದುಕುತ್ತಿದ್ದಾರೆ. ಹೀಟರ್ ಉರಿಯುತ್ತಿಲ್ಲ. ಒಂದು ವಾರದ ಹಿಂದೆ ಯಾರೋ ಬಂದು ಅದರ ಎಲೆಕ್ಟ್ರಾನಿಕ್ ಬೋರ್ಡು ಬದಲಿಸಿ ಇನ್ನೂರು ಡಾಲರಿಗೂ ಹೆಚ್ಚು ತೆಗೆದುಕೊಂಡು ಹೋಗಿದ್ದರು. ಮರುಭೂಮಿಯ ಚಳಿ ರಾತ್ರಿ ಎಲುಬಿಗೇ ಇಳಿಯುತ್ತದೆ. ನಾನು ಹೋದಾಗ ಅವರು ಎರಡು ಕೋಟು ತೊಟ್ಟು ಕೂತಿದ್ದರು.

ಬ್ಯಾಟರಿ ಅಳೆದೆ, ಸರಿಯಾಗಿತ್ತು. ಆಮೇಲೆ ಗ್ಯಾಸಿನ ಪರೀಕ್ಷೆ. ಈ ಪರೀಕ್ಷೆಯನ್ನು ನಾನು ಯಾರ ಮನೆಯಲ್ಲೂ ಬಿಡುವುದಿಲ್ಲ. ಇಲ್ಲಿ ಉರಿಸುವ ಪ್ರೊಪೇನ್ ಗ್ಯಾಸು ಗಾಳಿಗಿಂತ ಭಾರ. ಸೋರಿದರೆ ನೆಲದ ಮೇಲೆ ಕೊಳದಂತೆ ನಿಲ್ಲುತ್ತದೆ. ಕೊಳವೆಯ ಒತ್ತಡವನ್ನು 8 ಇಂಚು ಎತ್ತರದ ನೀರನ್ನು ಎತ್ತಿ ಹಿಡಿಯುವಷ್ಟಕ್ಕೆ ತಂದು, ಕವಾಟ ಮುಚ್ಚಿ, ಮೂರು ನಿಮಿಷ ಕದಲದೆ ಮಾಪಕ ನೋಡಬೇಕು. ಕೂದಲೆಳೆಯಷ್ಟೂ ಇಳಿಯಕೂಡದು. ಇಳಿಯಲಿಲ್ಲ. ಹೀಟರ್ ಹಚ್ಚಿದೆ. ಫ್ಯಾನು ತಿರುಗಿತು, ಕಿಡಿ ಟಿಕ್ ಟಿಕ್ ಎಂದಿತು, ಉರಿ ಒಮ್ಮೆ ಭುಸ್ ಎಂದು ಹೊತ್ತಿ ಆರಿಹೋಯಿತು. ಗ್ಯಾಸು ಇದೆ, ಕಿಡಿ ಇದೆ, ಉರಿಗೆ ಉಸಿರಾಡಲು ಗಾಳಿ ಮಾತ್ರ ಸಾಲುತ್ತಿಲ್ಲ.

ಹೊರಗೆ ಹೋಗಿ ಮಂಡಿಯೂರಿ, ಹೊಗೆ ಹೋಗುವ ಕೊಳವೆಯೊಳಗೆ ಟಾರ್ಚ್ ಬಿಟ್ಟೆ. ಒಳಗೆ ಬೂದು ಮಣ್ಣಿನ ಮೆತ್ತೆ. ನಮ್ಮೂರಿನಲ್ಲಿ ಬೀಗದ ಕಣ್ಣಿನಲ್ಲಿ, ಪ್ಲಗ್ಗಿನ ತೂತಿನಲ್ಲಿ ಕುಂಬಾರ ಹುಳು ಗೂಡು ಕಟ್ಟುತ್ತದಲ್ಲ, ಅದರದೇ ಸಂಬಂಧಿ ಇಲ್ಲೂ ಇದೆ. ಬೇಸಿಗೆಯಲ್ಲಿ ಹೀಟರ್ ಸುಮ್ಮನಿದ್ದಾಗ ಬಂದು ಸಂಸಾರ ಹೂಡಿತ್ತು. ಕೊಕ್ಕೆಯಿಂದ ಮೆಲ್ಲಗೆ ಎಬ್ಬಿಸಿದರೆ ಗೂಡು ಮೂರು ತುಂಡಾಗಿ ಅಂಗೈಗೆ ಬಂತು. ಒಂದು ಕೋಣೆ ಒಡೆದು ಆ ಹಿರಿಯರಿಗೆ ತೋರಿಸಿದೆ. ಮರಿ ಹುಳುವಿಗೆಂದು ತಾಯಿ ಕೂಡಿಟ್ಟ ಸಣ್ಣ ಸಣ್ಣ ಜೇಡಗಳು ಅದರಲ್ಲಿ ಒತ್ತೊತ್ತಾಗಿ ತುಂಬಿದ್ದವು. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

ಮತ್ತೆ ಹೀಟರ್ ಹಚ್ಚಿದೆ. ಉರಿ ಹೊತ್ತಿ ನಿಂತಿತು. ನೆಲದ ಜಾಲರಿಯಿಂದ ಬೆಚ್ಚನೆಯ ಗಾಳಿ ಬಂದದ್ದು ಎಲ್ಲರಿಗಿಂತ ಮೊದಲು ತಿಳಿದದ್ದು ನಾಯಿಗೆ. ಎದ್ದು ಬಂದು ಅದರ ಮೇಲೆಯೇ ಹೊಟ್ಟೆ ಚಾಚಿ ಮಲಗಿತು.

ಬಿಲ್ಲು ಬರೆದೆ. ದೋಷ ಹುಡುಕಿದ್ದು: ಒಂದು ಗಂಟೆ. ಸರಿಪಡಿಸಿದ್ದು: ಹತ್ತು ನಿಮಿಷ. ಬಿಡಿಭಾಗಗಳು: ಸೊನ್ನೆ. ಅವರು ಆ ಕೊನೆಯ ಸಾಲಿನ ಮೇಲೆ ಬೆರಳಿಟ್ಟು ಎರಡು ಸಲ ಓದಿ, ಸಹಿ ಹಾಕಿಕೊಟ್ಟರು.

ನಮಸ್ಕಾರ.