ಚಿಗರಿಯ ಮೂವತ್ತೊಂದನೆಯ ವರ್ಣತಂತು

ಕೇಳುಗರಿಗೆ ನಮಸ್ಕಾರ.

ಯಲಬುರ್ಗಾ, ಕುಕನೂರು ಕಡೆಯ ಎರೆ ಹೊಲಗಳಲ್ಲಿ ಕೃಷ್ಣಮೃಗದ ಹಿಂಡು, ಅಂದರೆ ನಮ್ಮ ಚಿಗರಿ, ಎಳೆಯ ಬೆಳೆಗೆ ಬಾಯಿ ಹಾಕಿದಾಗ ರೈತನ ಕಣ್ಣಿಗೆ ಅದರ ಅಂದ ಕಾಣುವುದಿಲ್ಲ. ಅದು ಸಹಜ. ಬೆಳೆ ಪರಿಹಾರದ ಮಾತು ಇನ್ನೊಮ್ಮೆ ಆಗಲಿ, ಇವತ್ತು ಆ ಪ್ರಾಣಿಯ ಒಳಗಿನ ಒಂದು ಲೆಕ್ಕ ನೋಡೋಣ. ಜೀವಕೋಶದೊಳಗೆ ವಂಶದ ಗುಣಗಳನ್ನು ಹೊತ್ತ ಎಳೆಗಳೇ ವರ್ಣತಂತುಗಳು, ಅಂದರೆ ಕ್ರೋಮೋಸೋಮ್‌ಗಳು. ಹೆಣ್ಣು ಚಿಗರಿಯ ಜೀವಕೋಶದಲ್ಲಿ ಅವು ಸಾಮಾನ್ಯವಾಗಿ 30, ಗಂಡಿನಲ್ಲಿ 31. ವರ್ಣತಂತುಗಳು ಜೋಡಿಜೋಡಿಯಾಗಿ ಇರಬೇಕಲ್ಲವೇ? ಈ ಬೆಸ ಸಂಖ್ಯೆ ಎಲ್ಲಿಂದ ಬಂತು?

ಮೊದಲು ನಮ್ಮ ಕೊಟ್ಟಿಗೆಗೆ ಬನ್ನಿ. ಆಕಳಿಗೆ 60, ಆಡಿಗೆ 60, ಕುರಿಗೆ 54, ನಮ್ಮ ಎಮ್ಮೆಗೆ 50. ಟೊಳ್ಳು ಕೊಂಬಿನ ಈ ಬಳಗಕ್ಕೆ ಮೂಲ ಒಂದೇ, ಚಿಗರಿಯೂ ಅದರ ಕುಡಿಯೇ. ಹಾಗಾದರೆ ಕುರಿ ಆರು ವರ್ಣತಂತುಗಳನ್ನು ಕಳೆದುಕೊಂಡಿತೇ? ಇಲ್ಲ. ಗಂಡೋ ಹೆಣ್ಣೋ ಎಂದು ತೀರ್ಮಾನಿಸುವ ಎಕ್ಸ್, ವೈ ಬಿಟ್ಟರೆ ಆಕಳಿನ ವರ್ಣತಂತುಗಳೆಲ್ಲ ಒಂಟಿ ತೋಳಿನವು. ಗಿಡ್ಡ ಹಗ್ಗಗಳೆರಡರ ತುದಿ ಸೇರಿಸಿ ಗಂಟು ಹಾಕಿದಂತೆ, ಅಂಥ ಎರಡು ಬೆಸೆದು ಇಬ್ಬದಿ ತೋಳಿನ ಒಂದಾಗುತ್ತವೆ. ಕುರಿಯ ವಂಶದಲ್ಲಿ ಇಂಥ ಮೂರು ಬೆಸುಗೆಗಳಾದವು, ಜೋಡಿ ಲೆಕ್ಕದಲ್ಲಿ ಆರು ಇಳಿಯಿತು. ಒಳಗಿನ ಸರಕು ಬಹುಪಾಲು ಹಾಗೆಯೇ ಉಳಿಯಿತು. 1916ರಲ್ಲಿ ಮಿಡತೆಗಳಲ್ಲಿ ಇದನ್ನು ವಿವರಿಸಿದ ರಾಬರ್ಟ್‌ಸನ್ ಅವರ ಹೆಸರೇ ಈ ಬೆಸುಗೆಗೆ ನಿಂತಿದೆ.

ಚಿಗರಿಯಲ್ಲಿ ಬೆಸುಗೆ ಎಕ್ಸ್ ವರ್ಣತಂತುವನ್ನೂ ಬಿಟ್ಟಿಲ್ಲ. ಅದು ಬೇರೊಂದು ಸಾಮಾನ್ಯ ವರ್ಣತಂತುವಿಗೆ ಅಂಟಿಕೊಂಡಿದೆ. ಹೆಣ್ಣಿನಲ್ಲಿ ಇಂಥ ಎಕ್ಸ್ ಎರಡು, ಲೆಕ್ಕ ಸರಿಹೋಯಿತು. ಗಂಡಿನಲ್ಲಿ ಒಂದೇ. ಅಲ್ಲಿ ವೈ ಕೂಡ ಇದೆ, ಅಂಟಿಕೊಳ್ಳದೆ ಉಳಿದ ಜೋಡಿಯ ಇನ್ನೊಂದು ವರ್ಣತಂತುವೂ ಬೇರೆಯಾಗಿ ಇದೆ. ಮೂವತ್ತೊಂದನೆಯದು ಅದೇ. ಚಿಗರಿಯ ಹತ್ತಿರದ ಬಂಧುಗಳಾದ ಗಜೆಲ್‌ಗಳಲ್ಲೂ ಇದೇ ಬೆಸುಗೆ ಕಾಣುವುದರಿಂದ, ಅದು ಇಬ್ಬರ ಪೂರ್ವಜರಲ್ಲೇ ಆಗಿರಬೇಕು. ಮಲೆನಾಡಿನ ಕಾಡುಕುರಿ, ಅದು ಜಿಂಕೆಯ ಜಾತಿ, ಬೆಸುಗೆಯಲ್ಲಿ ಇವರೆಲ್ಲರನ್ನೂ ಮೀರಿಸಿದೆ. ಹೆಣ್ಣಿಗೆ 6, ಗಂಡಿಗೆ 7. ಚೀನಾದ ಅದರ ದಾಯಾದಿಗೆ 46!

ಬೆಸುಗೆ ಎಲ್ಲ ಕಡೆಯೂ ತೊಂದರೆ ಕೊಡುವುದಿಲ್ಲ. ಆಗ್ನೇಯ ಏಷ್ಯಾದ ಜೌಗು ಎಮ್ಮೆಗೆ 48, ನಮ್ಮದರೊಡನೆ ಕೂಡಿದರೆ 49ರ ಕರು ಹುಟ್ಟುತ್ತದೆ, ಬೆಳೆದು ತಾನೂ ಗಬ್ಬವಾಗುತ್ತದೆ. ದನಗಳಲ್ಲಿ ಮಾತ್ರ ಎಚ್ಚರ ಬೇಕು. ಒಂದನೆಯ ಮತ್ತು ಇಪ್ಪತ್ತೊಂಬತ್ತನೆಯ ವರ್ಣತಂತುಗಳು ಬೆಸೆದಿರುವುದು 1964ರಲ್ಲಿ ಸ್ವೀಡನ್ನಿನ ದನಗಳಲ್ಲಿ ಗೊತ್ತಾಯಿತು. ಅಂಥ ಹೋರಿ ನೋಡಲು ಗಟ್ಟಿಮುಟ್ಟು. ಆದರೆ ಅದರ ಕೆಲವು ವೀರ್ಯಾಣುಗಳಲ್ಲಿ ವರ್ಣತಂತುಗಳ ಹಂಚಿಕೆ ತಪ್ಪುತ್ತದೆ, ಭ್ರೂಣ ಮೊದಲ ದಿನಗಳಲ್ಲೇ ಸಾಯುತ್ತದೆ, ಆಕಳು ಮತ್ತೆ ಬೆದೆಗೆ ಬರುತ್ತದೆ. ಕೃತಕ ಗರ್ಭಧಾರಣೆಗೆ ಹೋರಿಯನ್ನು ಆರಿಸುವಾಗ ಅದರ ರಕ್ತ ತೆಗೆದು ವರ್ಣತಂತು ಎಣಿಸುವುದು ಇದಕ್ಕಾಗಿಯೇ.