ಚೆಲ್ಲದಂತೆ ಓಡುವ ಲೆಕ್ಕ

ಕೇಳುಗರಿಗೆ ನಮಸ್ಕಾರ. ಕಲಬುರಗಿ, ಬೀದರ್, ಯಾದಗಿರಿಯ ಕಾಲೇಜುಗಳಲ್ಲಿ ಭೌತಶಾಸ್ತ್ರ ಓದುವ ಮಕ್ಕಳೇ, ಈ ಮಾತು ನಿಮಗಾಗಿ.

ಶರಣಬಸವೇಶ್ವರರ ಜಾತ್ರೆಯ ಬಿಸಿಲು ನೆನೆಸಿಕೊಳ್ಳಿ. ಪರಾತದ ಮೇಲೆ ಅಂಚಿನ ತನಕ ಮಜ್ಜಿಗೆ ತುಂಬಿದ ಹತ್ತು ಲೋಟ. ಮೆಲ್ಲಗೆ ನಡೆದರೆ ಹನಿಯೂ ಚೆಲ್ಲದು. ಆದರೆ ಪಂಕ್ತಿ ಉದ್ದ ಇದೆ, ಜನ ಬಾಯಾರಿದ್ದಾರೆ, ಓಡಬೇಕು. ಪರಾತ ಮಟ್ಟಸವಾಗಿ ಹಿಡಿದೇ ಓಡಿದರೆ ಮಜ್ಜಿಗೆ ಹಿಂದಕ್ಕೆ ಉಕ್ಕಿ ಅಂಗಿ ತೋಯುತ್ತದೆ. ಕೈ ಪಳಗಿದವರು ವೇಗ ಹಿಡಿಯುವಾಗ ಪರಾತದ ಮುಂದಿನ ಅಂಚು ತುಸು ತಗ್ಗಿಸುತ್ತಾರೆ. ನಡಿಗೆ ಒಂದೇ ಸಮ ಆದಾಗ ಮಟ್ಟ. ನಿಲ್ಲುವಾಗ ಅದೇ ಅಂಚು ತುಸು ಮೇಲೆ. ವೇಗ ಎಷ್ಟು ಬೇಗ ಏರುತ್ತದೋ ಅಷ್ಟೇ ಓರೆ. ಕಡಿಮೆಯಾದರೂ ಚೆಲ್ಲುತ್ತದೆ, ಹೆಚ್ಚಾದರೂ ಚೆಲ್ಲುತ್ತದೆ.

ಕ್ವಾಂಟಮ್ ಸ್ಪಿನ್ನಿಗೂ, ಅಂದರೆ ಎಲೆಕ್ಟ್ರಾನಿನಂಥ ಕಣದೊಳಗಿನ ಪುಟ್ಟ ಕಾಂತಸೂಜಿಗೂ, ಬೇಕಾದದ್ದು ಈ ಓರೆ. ಕಾಂತಕ್ಷೇತ್ರವನ್ನು ಸಾಕಷ್ಟು ನಿಧಾನ ತಿರುಗಿಸಿದರೆ ಸ್ಪಿನ್ ಅದರ ಬೆನ್ನು ಬಿಡದು. ಇದರ ಹಿಂದಿನ ಪ್ರಮೇಯವನ್ನು ಭೌತವಿಜ್ಞಾನಿಗಳಾದ ಬಾರ್ನ್ ಮತ್ತು ಫಾಕ್ 1928ರಲ್ಲೇ ಕೊಟ್ಟರು. ಗಂಡಾಂತರ ಇರುವುದು ಎರಡು ಶಕ್ತಿ ಮಟ್ಟಗಳು ತೀರ ಹತ್ತಿರ ಬರುವ ಜಾಗದಲ್ಲಿ; ಸ್ಪಿನ್ ಒಂದರಿಂದ ಇನ್ನೊಂದಕ್ಕೆ ಜಿಗಿದರೆ ಅದೇ ಮಜ್ಜಿಗೆ ಚೆಲ್ಲಿದಂತೆ. ಅಲ್ಲಿನ ಅಂತರ ಅರ್ಧವಾದರೆ ನೀವು ಹಾಯುವ ವೇಗ ನಾಲ್ಕನೇ ಒಂದು ಭಾಗಕ್ಕೆ ಇಳಿಯಬೇಕು. ಅಷ್ಟು ತಡಮಾಡಿದರೆ ಸುತ್ತಲಿನ ಗದ್ದಲವೇ ಸ್ಥಿತಿಯನ್ನು ಕೆಡಿಸುತ್ತದೆ. ಆದ್ದರಿಂದ ದಯವಿಟ್ಟು ನಿಧಾನವೊಂದನ್ನೇ ನಂಬಬೇಡಿ. ಓರೆ ಕೊಡಿ.

ಆ ಓರೆಯ ಲೆಕ್ಕ 2003ರಲ್ಲಿ ಡೆಮಿರ್‌ಪ್ಲಾಕ್ ಮತ್ತು ರೈಸ್ ಅವರಿಂದ, 2009ರಲ್ಲಿ ಮೈಕೆಲ್ ಬೆರಿ ಅವರಿಂದ ಬಂತು. ಕ್ಷೇತ್ರ ತಿರುಗುವ ಸಮತಲಕ್ಕೆ ಲಂಬವಾಗಿ ಇನ್ನೊಂದು ಕ್ಷೇತ್ರ ಸೇರಿಸಿ. ಮೊದಲ ಕ್ಷೇತ್ರದ ಕೋನ ಜೋರಾಗಿ ತಿರುಗಿದಷ್ಟೂ ಈ ಎರಡನೇ ಕ್ಷೇತ್ರದ ಬಲ ಹೆಚ್ಚು. ಪ್ರಯೋಗಾಲಯದಲ್ಲಿ ಅದು ಸ್ಪಿನ್ನನ್ನು ತಿರುಗಿಸುವ ಮೊದಲಿನ ಮೈಕ್ರೋವೇವ್‌ಗಿಂತ ಫೇಸ್ (ಏರಿಳಿತದ ಹೆಜ್ಜೆ) 90 ಡಿಗ್ರಿ ಸರಿದ ಎರಡನೇ ಅಲೆ, ಅಷ್ಟೇ. ಅದರ ಪ್ಲಸ್-ಮೈನಸ್ ಚಿಹ್ನೆ ತಪ್ಪಿದರೆ ಪರಾತ ಉಲ್ಟಾ ವಾಲುತ್ತದೆ: ಕ್ಷೇತ್ರ ಒಂದು ಕಡೆ, ಸ್ಪಿನ್ನಿಗೆ ತಳ್ಳು ಇನ್ನೊಂದು ಕಡೆ. ಫೇಸ್ ಮೊದಲು ನೋಡಿ. ಸಮಯ ಅರ್ಧ ಮಾಡಿದರೆ ಈ ಅಲೆಯ ಎತ್ತರ ಎರಡು ಪಟ್ಟು ಬೇಕು, ಪವರ್ ನಾಲ್ಕು ಪಟ್ಟು. ಆಂಪ್ಲಿಫೈಯರ್ ದಣಿದು ಅಲೆಯ ತಲೆ ಚಪ್ಪಟೆಯಾಯಿತೋ, ಓರೆ ಸಾಲದೆ ಮಜ್ಜಿಗೆ ಚೆಲ್ಲಿತು. ಕೋನದ ವೇಗ ಸೊನ್ನೆಯಿಂದ ಏರಿ ಸೊನ್ನೆಗೇ ಇಳಿಯುವಂತೆ ರೂಪಿಸಿ, ಎರಡನೇ ಅಲೆಯೂ ಜಗ್ಗದೆ ಹುಟ್ಟಿ ಜಗ್ಗದೆ ಮುಗಿಯುತ್ತದೆ.

ಸಮಯ ಮುಗಿಯುತ್ತ ಬಂತು, ಇನ್ನೊಂದೇ ಮಾತು. ಕ್ವಾಂಟಮ್ ಕಂಪ್ಯೂಟರಿನ ಮೂಲ ಘಟಕಗಳಾದ, ಸ್ಪಿನ್ನಿನಂತೆಯೇ ನಡೆಯುವ ನೂರಾರು ಕ್ಯೂಬಿಟ್‌ಗಳಿದ್ದರೆ ಪೂರ್ತಿ ಓರೆಯನ್ನು ಕಟ್ಟಲಾಗದು, ಅದಕ್ಕೆ ಎಲ್ಲ ಮಟ್ಟಗಳೂ ಗೊತ್ತಿರಬೇಕು. ಆಗ ಒಂದೊಂದು ಕ್ಯೂಬಿಟ್‌ಗೆ, ಇಲ್ಲವೇ ಅಕ್ಕಪಕ್ಕದ ಜೋಡಿಗೆ ಮಾತ್ರ ಅಂದಾಜಿನ ಓರೆ ಕೊಡಿ. ಅದೂ ಚೆಲ್ಲುವುದನ್ನು ಬಹಳ ತಗ್ಗಿಸುತ್ತದೆ. ನಮಸ್ಕಾರ.